ಸಕ್ಕರೆಯ ಗೊಂಬೆಯೂ ತಾಯ್ತಂದೆಯರ ಕಟ್ಟಳೆಯೂ

ಕಾರ್ತಿಕ ಮಾಸದ ಗೌರಿ ಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ವಿಜಯಪುರದ ಜೋರಾಪುರ ಪೇಟೆಯ ಮನೆಗಳಲ್ಲಿ ಸಕ್ಕರೆ ಆರತಿಯ ಮಾತೇ ಮಾತು. ಕುದಿಸಿದ ಪಾಕವನ್ನು ಮರದ ಅಚ್ಚುಗಳಿಗೆ ಹೊಯ್ಯುವರು. ಬಿಸಿ ನೀರು ತಣ್ಣೀರಿಗಿಂತ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದಾದುದರಿಂದ, ಪಾಕ ತಣಿದಂತೆ ಮಿಕ್ಕ ಸಕ್ಕರೆ ಹರಳುಗಟ್ಟಿ ಆನೆ, ಒಂಟೆ, ತೇರುಗಳ ರೂಪ ತಾಳುತ್ತದೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿರಿಸಿ ಗೌರಿಗೆ ಆರತಿ ಬೆಳಗುತ್ತಾರೆ.

ಆರತಿ ಮುಗಿದ ಮೇಲೆ ಗೊಂಬೆಗಳ ಗತಿಯೇನು? ಈ ವಿಷಯದಲ್ಲಿ ತಾಯ್ತಂದೆಯರಲ್ಲಿ ಎರಡು ಪಕ್ಷಗಳುಂಟು. ಹಲ್ಲು ಹುಳುಕಾದೀತೆಂದು ಹೆದರಿ ಗೊಂಬೆಗಳನ್ನು ಡಬ್ಬಿಯಲ್ಲಿಟ್ಟು, ಪಾಠ ಒಪ್ಪಿಸಿದಾಗ ಒಂದೊಂದು ಚೂರು ಕೊಡುವವರು ಮೊದಲನೆಯವರು. “ಹಾಲುಹಲ್ಲು ಹೇಗೂ ಬೀಳತಕ್ಕವು, ಮಗುವನ್ನೇಕೆ ಅಳಿಸಬೇಕು?” ಎಂದು ಇಡೀ ಗೊಂಬೆಯನ್ನೇ ದಿನವೆಲ್ಲ ನೆಕ್ಕಲು ಬಿಡುವವರು ಎರಡನೆಯವರು. ಇಬ್ಬರ ಪ್ರೀತಿಯನ್ನೂ ನಾನು ಶಂಕಿಸುವುದಿಲ್ಲ. ಆದರೆ ಇಬ್ಬರೂ “ಎಷ್ಟು” ಎಂಬುದನ್ನಷ್ಟೇ ಎಣಿಸಿ, “ಯಾವಾಗ, ಹೇಗೆ” ಎಂಬುದನ್ನು ಮರೆಯುತ್ತಾರೆಂಬುದೇ ನನ್ನ ಆಕ್ಷೇಪ.

ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಿಎಚ್ ಅಂಕ 5.5ಕ್ಕಿಂತ ಕೆಳಗಿಳಿದು ಹಲ್ಲಿನ ಹೊರಕವಚ ಕರಗತೊಡಗುತ್ತದೆ. ಜೊಲ್ಲು ಅದನ್ನು ಪೂರ್ವಸ್ಥಿತಿಗೆ ತರಲು ಸುಮಾರು ಅರ್ಧ ಗಂಟೆಯಾದರೂ ಬೇಕು. ಇನ್ನು ಲೆಕ್ಕ ಸುಲಭ. ಗೊಂಬೆಯನ್ನು ಊಟದೊಡನೆ ಒಮ್ಮೆಗೇ ತಿಂದರೆ ಆಮ್ಲದ ದಾಳಿ ಒಂದು. ಅದೇ ಗೊಂಬೆಯನ್ನು ಬಿಟ್ಟುಬಿಟ್ಟು ಹತ್ತು ಸಲ ನೆಕ್ಕಿದರೆ ದಾಳಿ ಹತ್ತು, ಅವಧಿ ಐದು ಗಂಟೆ! ಸಕ್ಕರೆಯ ತೂಕವೇನೋ ಒಂದೇ.

ಸ್ವೀಡನ್ ದೇಶದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ 1953ರವರೆಗೆ ನಡೆದ ಪ್ರಯೋಗ ಇದನ್ನೇ ತೋರಿಸಿತು. ಊಟದೊಡನೆ ಸಕ್ಕರೆ ಪಡೆದವರಲ್ಲಿ ಹುಳುಕು ಸ್ವಲ್ಪವೇ ಹೆಚ್ಚಿತು. ಊಟಗಳ ನಡುವೆ ಅಂಟಂಟಾದ ಟಾಫಿ ತಿಂದವರಲ್ಲಿ ಬಹಳ ಹೆಚ್ಚಿತು. ಸಮ್ಮತಿ ನೀಡಲಾರದ ಮಾನಸಿಕ ದುರ್ಬಲರ ಮೇಲೆ ಅದನ್ನು ನಡೆಸಿದುದು ವಿಜ್ಞಾನಕ್ಕೆ ಕಳಂಕವೇ ಸರಿ. ಅವರು ತೆತ್ತ ಬೆಲೆಯಿಂದ ದೊರೆತ ಈ ಅರಿವನ್ನು ನಾವು ಕಡೆಗಣಿಸುವುದು ಇನ್ನೊಂದು ಅನ್ಯಾಯ.

ಹಾಲುಹಲ್ಲಿನ ವಾದವೂ ನಿಲ್ಲದು. ಹಾಲಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷಗಳವರೆಗೆ ಇರತಕ್ಕವು. ಅವು ಹುಳುಕಾದರೆ ಮಗುವಿನ ಊಟ, ನಿದ್ರೆ, ಓದು ಎಲ್ಲವೂ ಕೆಡುತ್ತವೆ. ಅಕಾಲದಲ್ಲಿ ಬಿದ್ದರೆ ಮುಂದೆ ಬರುವ ಹಲ್ಲುಗಳ ಸ್ಥಾನವೂ ಕೆಡಬಹುದು.

ಹಾಗಾದರೆ ಡಬ್ಬಿಯ ಪಕ್ಷವೇ ಸರಿಯೆ? ಅದೂ ಅಲ್ಲ. ಅಮೆರಿಕದ ಜೆನಿಫರ್ ಫಿಶರ್ ಮತ್ತು ಲೀಆನ್ ಬರ್ಚ್ ಎಂಬ ಸಂಶೋಧಕಿಯರು 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪುಟ್ಟ ಮಕ್ಕಳ ಕಣ್ಣೆದುರಿಗೇ ಒಂದು ತಿಂಡಿಯನ್ನಿಟ್ಟು ತಡೆದರು. ಮಕ್ಕಳ ಮಾತು, ಬೇಡಿಕೆ ಎಲ್ಲವೂ ಆ ತಿಂಡಿಯ ಕಡೆಗೇ ತಿರುಗಿದುವು. ಸಿಹಿಯನ್ನು ಬಹುಮಾನವಾಗಿಸಿದರೆ ಪಾಠವು ತೆರಬೇಕಾದ ಸುಂಕವಾಗುತ್ತದೆ, ಸಿಹಿಯು ಪರಮಪದವಾಗುತ್ತದೆ.

ವರ್ಷಕ್ಕೊಮ್ಮೆ ಬರುವ ಸಕ್ಕರೆಯ ಆನೆಯನ್ನು ನಿಂದಿಸುವವರು ನಿತ್ಯವೂ ಬರುವ ಶತ್ರುವನ್ನು ಕಾಣುತ್ತಿಲ್ಲವೆಂಬುದೂ ಸೋಜಿಗ. ಎಳೆಯ ಮಗುವಿಗೂ ದಿನಕ್ಕೆ ಮೂರು ಬಾರಿ ಸಿಹಿ ಚಹಾ, ಅದರೊಡನೆ ಬಿಸ್ಕತ್ತು, ಶಾಲೆಯ ದಾರಿಯಲ್ಲಿ ಚಾಕೊಲೇಟು! ಬೆಲ್ಲವಾದರೆ ಬಾಧಕವಿಲ್ಲವೆಂಬ ನಂಬಿಕೆ ಬೇರೆ. ಬಾಯಿಯ ಸೂಕ್ಷ್ಮಜೀವಿಗಳಿಗೆ ಆ ಭೇದವಿಲ್ಲ. ಹೊರಗಿನಿಂದ ಬೆರೆಸಿದ ಸಕ್ಕರೆ, ಜೇನು ಮುಂತಾದವುಗಳಿಂದ ದೊರೆಯುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. 1500 ಕಿಲೋಕ್ಯಾಲೊರಿ ಬೇಕಾಗುವ ಮಗುವಿಗೆ ಇದು ಸುಮಾರು 37 ಗ್ರಾಂ, ಎಂದರೆ ಒಂಬತ್ತು ಚಮಚ. ಚಹಾ ಬಿಸ್ಕತ್ತುಗಳಲ್ಲಿಯೇ ಅದು ತೀರಿಹೋಗದೆ?

ವಿದ್ಯಾರ್ಥಿ ಮಿತ್ರರೇ, ತಮ್ಮ ತಂಗಿಯರ ಕೈಗೆ ತಿಂಡಿ ಕೊಡುವವರು ಎಷ್ಟೋ ಮನೆಗಳಲ್ಲಿ ನೀವೇ. ಗೌರಿಯ ಪ್ರಸಾದವನ್ನು ಊಟದೊಡನೆ ಎಲ್ಲರೂ ಕುಳಿತು ಸಂತೋಷದಿಂದ ತಿನ್ನಿರಿ. ಬಳಿಕ ನೀರಿನಿಂದ ಬಾಯಿ ಮುಕ್ಕಳಿಸಿ, ಮಲಗುವ ಮುನ್ನ ಮಕ್ಕಳಿಂದ ಹಲ್ಲುಜ್ಜಿಸಿರಿ. ಅಳುವನ್ನು ನಿಲ್ಲಿಸಲು ಸಿಹಿ ಬೇಡ, ಅಂಕಗಳಿಗೆ ಬೆಲೆಯಾಗಿಯೂ ಬೇಡ. ಗದರಿಕೆಯೂ ಲಂಚವೂ ಮಾಡಲಾರದ ಕೆಲಸವನ್ನು ಹೊತ್ತಿನ ಕಟ್ಟಳೆಯೊಂದು ಮಾಡಬಲ್ಲದು. ಅದನ್ನು ಮನೆಯ ಹಿರಿಯರಿಗೆ ವಿನಯದಿಂದ ತಿಳಿಸುವುದೂ ವಿದ್ಯೆಯ ಒಂದು ಪ್ರಯೋಜನವೇ ಅಲ್ಲವೆ?