ಬೆಟ್ಟದ ಮನೆಗೆ ನೆಂಟರಾಗಿ ಹೋಗಬೇಡಿ

"ಇಲ್ಲಿ ಗೀಸರ್ ಇಲ್ವಾ ಗುರು?"

ಕೇಳಿದ್ದು ನಮ್ಮ ಟೀಮಿನ ಹುಡುಗ. ಜಾಗ, ಕುಮಾರಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ರ ಮನೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕಾಡಿನೊಳಗೆ ಆರೇಳು ಕಿಲೋಮೀಟರ್ ಹತ್ತಿ, ಬೆವರಲ್ಲಿ ನೆಂದು ಬಂದಿದ್ದೆವು. ಅಂಥ ಜಾಗದಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕಿದ್ದೇ ದೊಡ್ಡದು. ಅಕ್ಕಿ, ಬೇಳೆ ಎಲ್ಲ ಕೆಳಗಿನಿಂದಲೇ ಬರಬೇಕು. ಆದರೂ ನಮ್ಮವರಲ್ಲಿ ಮೂರು ಜನ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಆಮೇಲೆ ಶುರುವಾಯ್ತು ಪಟ್ಟಿ: ಚಾರ್ಜಿಂಗ್ ಪಾಯಿಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಬಾತ್‌ರೂಮಿಗೆ ಕ್ಯೂ. "ಇಲ್ಲೊಂದು ಒಳ್ಳೇ ಕಾಟೇಜ್ ಕಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಅಂತ ಕೊನೆಗೊಂದು ತೀರ್ಮಾನ.

ನಾನು ಅವರಿಗೆ ಬೈಯಲಿಲ್ಲ. ಯಾಕಂದ್ರೆ ನಾನೂ ಕಂಬಕ್ಕೆ ಒರಗಿ, ಮೊಬೈಲ್ ಮೇಲೆತ್ತಿ ಸಿಗ್ನಲ್ ಹುಡುಕ್ತಾ ಕೂತಿದ್ದೆ.

ನಾನು ಹುಟ್ಟಿ ಬೆಳೆದಿದ್ದು ಇಂಥದ್ದೇ ಮನೆಯಲ್ಲಿ. ದಸರಾ ರಜೆಗೆ ಬೆಂಗಳೂರಿನ ಮಾವನ ಮನೆಯವರು ಬಂದರೆ ಅಮ್ಮ ಬೆಳಕು ಹರಿಯುವ ಮುಂಚೆ ಎದ್ದು ಹಂಡೆಗೆ ನೀರು ತುಂಬಿ ಉರಿ ಹಾಕುತ್ತಿದ್ದಳು. ಬಾವಿಯಿಂದ ಎಷ್ಟು ಕೊಡ ಜಾಸ್ತಿ ಸೇದಬೇಕಿತ್ತು ಅಂತ ಯಾವ ನೆಂಟರೂ ಎಣಿಸಿದ್ದಿಲ್ಲ. "ನಿಮ್ಮೂರು ಎಷ್ಟು ಶಾಂತವಾಗಿದೆ!" ಅನ್ನೋರು, ಉಂಡು ಮಲಗೋರು. ಆಗ ನನಗೆ ಉರಿಯುತ್ತಿತ್ತು. ಬಿ.ಇ. ಮಾಡಿ, ಕೆಲಸ ಸಿಕ್ಕಿ, ಹತ್ತು ವರ್ಷ ಬೆಂಗಳೂರಲ್ಲಿದ್ದ ಮೇಲೆ ಈಗ ನಾನೇ ಆ ನೆಂಟ.

ನನ್ನ ತಕರಾರು ಇಷ್ಟೇ. ಬೆಟ್ಟದ ಮೇಲಿನ ಸರಳ ಮನೆ ಉಳಿಯೋದು ಬಂದವರು ಮನೆಯವರ ಹಾಗೆ ಕೆಲಸ ಮಾಡಿದರೆ ಮಾತ್ರ. ನೆಂಟರ ಹಾಗೆ ಕೂತರೆ ಅದು ರೆಸಾರ್ಟ್ ಆಗುತ್ತೆ, ಇಲ್ಲಾ ಮುಚ್ಚುತ್ತೆ. ಮೂರನೇ ದಾರಿ ಇಲ್ಲ.

ಕಾಟೇಜ್ ಬೇಕು ಅನ್ನೋರು ಸ್ವಲ್ಪ ಲೆಕ್ಕ ಹಾಕಿ. ಬಿಸಿನೀರಿಗೆ ಸೌದೆ ಬೇಕು, ಸೌದೆ ಕಾಡಿಂದ ಬರಬೇಕು. ಕರೆಂಟಿಗೆ ಜನರೇಟರ್ ಬೇಕು, ಡೀಸೆಲ್ ಬೇಕು, ಅದನ್ನು ತರೋಕೆ ರಸ್ತೆ ಬೇಕು. ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ? ಕುಮಾರಧಾರಾ ನದಿ ಹುಟ್ಟೋದು ಇದೇ ಬೆಟ್ಟಸಾಲಲ್ಲಿ. ಮೇಲೆ ನಾವು ಶಾಂಪೂ ಹಾಕಿ ಮೀಯುತ್ತೇವೆ, ಕೆಳಗೆ ಕುಕ್ಕೆಯಲ್ಲಿ ಭಕ್ತರು ಅದರಲ್ಲೇ ತೀರ್ಥಸ್ನಾನ ಮಾಡುತ್ತಾರೆ. 1712 ಮೀಟರ್ ಎತ್ತರದ ಶಿಖರ, ಪುಷ್ಪಗಿರಿ ವನ್ಯಜೀವಿ ಧಾಮದ ಒಳಗೆ. ಅಲ್ಲಿ ನಮ್ಮ ಅನುಕೂಲಕ್ಕಿಂತ ಮುಂಚೆ ಬೇರೆಯವರ ಮನೆಗಳಿವೆ.

2024ರ ಜನವರಿಯ ಲಾಂಗ್ ವೀಕೆಂಡ್ ನೆನಪಿದೆಯಾ? ಇದೇ ದಾರಿಯಲ್ಲಿ ಜಾತ್ರೆಯ ಹಾಗೆ ಸಾಲು ನಿಂತ ವಿಡಿಯೋ ಎಲ್ಲರ ಮೊಬೈಲಲ್ಲೂ ಓಡಾಡಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ತಡೆಹಿಡಿಯಿತು. ಆಮೇಲೆ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಆಗ ಅರಣ್ಯ ಇಲಾಖೆಗೆ ಬೈದವರಲ್ಲಿ ನಾನೂ ಒಬ್ಬ. ಈಗ ಅನ್ನಿಸುತ್ತೆ, ಬಾಗಿಲು ಹಾಕಿಸಿಕೊಂಡಿದ್ದು ನಾವೇ.

"ದುಡ್ಡು ಕೊಡ್ತೀವಲ್ಲ, ಹಳ್ಳಿಯವರಿಗೂ ಆದಾಯ" ಅನ್ನೋ ವಾದ ಇದೆ. ಕೊಡಿ, ಚೌಕಾಸಿ ಮಾಡದೆ ಕೊಡಿ. ಆದರೆ ಆದಾಯ ಯಾರಿಗೆ ಅಂತಲೂ ನೋಡಿ. ನಮ್ಮೂರ ಪಕ್ಕದ ಗುಡ್ಡದ ಮೇಲೆ ಈಗ ಮೂರು ಹೋಮ್‌ಸ್ಟೇ ಎದ್ದಿವೆ. ಮಾಲೀಕರು ಊರವರಲ್ಲ. ಊರವರಿಗೆ ಸಿಕ್ಕಿದ್ದು ಗುಡಿಸುವ, ತೊಳೆಯುವ ಕೆಲಸ. ನಮ್ಮ ಚಿಕ್ಕಮ್ಮ ಅಲ್ಲಿ ಪಾತ್ರೆ ತೊಳೀತಾರೆ. ಹೋದ ಸಲ ಸಿಕ್ಕಾಗ ಅಂದರು: "ಸಿಟಿಯೋರು ತಿನ್ನೋದಕ್ಕಿಂತ ಬಿಡೋದೇ ಜಾಸ್ತಿ ಕಣೋ." ನನ್ನನ್ನು ಆ ಸಿಟಿಯೋರ ಲೆಕ್ಕಕ್ಕೆ ಸೇರಿಸಿದರೋ ಇಲ್ಲವೋ, ಕೇಳೋ ಧೈರ್ಯ ಆಗಲಿಲ್ಲ.

ಬೇರೆ ದಾರಿ ಇದೆ ಅಂತ ನನಗೆ ಗೊತ್ತಾಗಿದ್ದು ಆಫೀಸ್ ಕೆಲಸಕ್ಕೆ ಕೆಲವು ತಿಂಗಳು ಓಸ್ಲೋದಲ್ಲಿದ್ದಾಗ. ನಾರ್ವೆಯಲ್ಲಿ ಡಿಎನ್‌ಟಿ ಅಂತ ಚಾರಣಿಗರ ಸಂಘ ಇದೆ, 1868ರಲ್ಲಿ ಶುರುವಾಗಿದ್ದು. ದೇಶದ ತುಂಬ ಅವರದ್ದು 500ಕ್ಕೂ ಹೆಚ್ಚು ಕ್ಯಾಬಿನ್‌ಗಳು. ಕೆಲವು ಕಡೆ ಅಡುಗೆಯವರಿದ್ದಾರೆ. ಆದರೆ ಎಷ್ಟೋ ಕ್ಯಾಬಿನ್‌ಗಳಲ್ಲಿ ಒಬ್ಬ ಸಿಬ್ಬಂದಿಯೂ ಇಲ್ಲ. ಸದಸ್ಯರಿಗೊಂದು ಕೀ ಕೊಡ್ತಾರೆ, ಬೀಗ ಇರೋ ಕ್ಯಾಬಿನ್‌ಗಳಿಗೆಲ್ಲ ಹೆಚ್ಚುಕಮ್ಮಿ ಅದೇ ಕೀ. ತೊರೆಯಿಂದ ನೀರು ನೀವೇ ತರಬೇಕು, ಸೌದೆ ನೀವೇ ಸೀಳಬೇಕು. ಕೆಲವು ಕಡೆ ಕಪಾಟಿನಲ್ಲಿ ಡಬ್ಬಿ ಊಟ ಇರುತ್ತೆ, ತಗೊಂಡಿದ್ದನ್ನು ಬರೆದಿಟ್ಟು ದುಡ್ಡು ಕಟ್ಟಬೇಕು. ಹೊರಡುವಾಗ ಪಾತ್ರೆ ತೊಳೆದು, ನೆಲ ಗುಡಿಸಿ, ಮುಂದೆ ಬರೋರಿಗೆ ಸೌದೆ ಇಟ್ಟು ಬಾಗಿಲು ಹಾಕಬೇಕು. ನಮ್ಮ ಅಮ್ಮ ದಿನಾ ಮಾಡುತ್ತಿದ್ದ ಕೆಲಸವನ್ನು ಅಲ್ಲಿನ ಮ್ಯಾನೇಜರುಗಳು ರಜೆ ಹಾಕಿ ಬಂದು ಖುಷಿಯಿಂದ ಮಾಡ್ತಾರೆ!

"ಅದು ಫಾರಿನ್ ಬಿಡಿ, ನಮ್ಮ ಜನಕ್ಕೆ ಶಿಸ್ತಿಲ್ಲ" ಅಂತ ದಯವಿಟ್ಟು ಶುರು ಮಾಡಬೇಡಿ. ನಮ್ಮ ಹಳೇ ಛತ್ರಗಳಲ್ಲಿ ಎಷ್ಟೋ ದಾರಿಹೋಕರು ಮೂರು ಕಲ್ಲು ಹೂಡಿ ತಮ್ಮ ಅಡುಗೆ ತಾವೇ ಮಾಡಿಕೊಂಡು, ಬೂದಿ ಬಳಿದು ಮುಂದಕ್ಕೆ ಹೋಗುತ್ತಿದ್ದರು. ಶಿಸ್ತು ನಮಗೆ ಹೊಸದಲ್ಲ. ಸಂಬಳ ಜಾಸ್ತಿಯಾದ ಹಾಗೆ ನಾವು ಬಿಟ್ಟಿದ್ದೇವೆ, ಅಷ್ಟೆ.

ಅದಕ್ಕೇ ಹೇಳ್ತೀನಿ, ಚಾರಣದ ದಾರಿಗಳಲ್ಲಿ ಕಾಟೇಜ್ ಬೇಡವೇ ಬೇಡ. ಇಲಾಖೆ ಏನಾದರೂ ಕಟ್ಟೋದಾದರೆ ಒಂದು ಮಾಡು, ಮಲಗೋಕೆ ಜಗಲಿ, ನೀರಿನ ತೊಟ್ಟಿ, ಪಾಯಿಖಾನೆ. ಕಾಡಿನ ಸೌದೆ ಮುಟ್ಟದ ಹಾಗೆ ಒಂದು ಗ್ಯಾಸ್ ಒಲೆ, ಮೂಲೆಯಲ್ಲೊಂದು ಪೊರಕೆ. ಆಳು ಮಾತ್ರ ಬೇಡ, ಬಂದವನೇ ಗುಡಿಸಲಿ. ಭಟ್ರ ಮನೆಯಂಥ ಕಡೆ ಉಳಿದರೆ ಬೇಕಾದಷ್ಟೇ ಬಡಿಸಿಕೊಳ್ಳಿ, ನಿಮ್ಮ ತಟ್ಟೆ ನೀವೇ ತೊಳೆಯಿರಿ, ಹೊತ್ತು ತಂದ ಪ್ಲಾಸ್ಟಿಕ್ ಹೊತ್ತುಕೊಂಡೇ ಇಳಿಯಿರಿ. ಒಂದು ದಿನ ಸ್ನಾನ ಮಾಡದಿದ್ದರೆ ಯಾರೂ ಸಾಯಲ್ಲ.

ಮುಂದಿನ ರಜೆಗೆ ಬುಕ್ ಮಾಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ, ಹೋಗ್ತಿರೋದು ನೆಂಟನಾಗಿಯೋ, ಮನೆಯವನಾಗಿಯೋ? ನೆಂಟನಾಗಿಯೇ ಅಂದ್ರೆ ಬೆಂಗಳೂರಿನ ಸುತ್ತ ಬೇಕಾದಷ್ಟು ರೆಸಾರ್ಟ್‌ಗಳಿವೆ, ಗೀಸರೂ ಇದೆ. ದಿನಕ್ಕೆ ಇರೋದೇ 300 ಸೀಟು. ನಿಮ್ಮದನ್ನು ಪೊರಕೆ ಹಿಡಿಯೋ ಕೈಗೆ ಬಿಟ್ಟುಕೊಡಿ.