ಇಂಧನದ ಲೆಕ್ಕ

ಯಂತ್ರವು ಕೆಟ್ಟು ವಿಮಾನವು ಬಿದ್ದರೆ ಅದನ್ನು ದುರ್ದೈವವೆನ್ನಬಹುದು. ಇಂಧನವು ಮುಗಿದು ಬಿದ್ದರೆ ಅದು ದುರ್ದೈವವಲ್ಲ, ಲೆಕ್ಕದ ತಪ್ಪು ಎಂಬುದೇ ನಮ್ಮ ಅಭಿಪ್ರಾಯ.

2019ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದಿಂದ ಹೊರಟು ಆಳಂದ, ಅಫಜಲಪುರ, ಜೇವರ್ಗಿಗಳ ಮೇಲೆ ಸುತ್ತಿ ಬರುವ ಹಾದಿ ಸುಮಾರು 185 ಕಿಲೋಮೀಟರು. ಗಂಟೆಗೆ ಅಷ್ಟೇ ದೂರ ಹಾರುವ ಲಘುವಿಮಾನವೊಂದು ಸರಿಯಾಗಿ ಒಂದು ಗಂಟೆಯ ಇಂಧನವನ್ನು ತುಂಬಿಕೊಂಡು ಹೊರಟಿತೆಂದು ಭಾವಿಸೋಣ. ಮೇಲೇರುವಾಗ ಎಂಜಿನ್ನು ಹೆಚ್ಚು ಇಂಧನವನ್ನು ಉರಿಸುತ್ತದೆ. ಗಾಳಿಯೂ ಸುಮ್ಮನಿರದು: ಎದುರುಗಾಳಿಯಲ್ಲಿ ಕಳೆದ ಹೊತ್ತನ್ನು ಹಿಂಗಾಳಿಯು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ, ಏಕೆಂದರೆ ವಿಮಾನವು ಎದುರುಗಾಳಿಯಲ್ಲಿಯೇ ಹೆಚ್ಚು ಕಾಲ ಇರುತ್ತದೆ. ನಿಲ್ದಾಣವು ಇನ್ನೂ 20 ಕಿಲೋಮೀಟರು ದೂರವಿರುವಾಗ, 1,500 ಮೀಟರು ಎತ್ತರದಲ್ಲಿ ಎಂಜಿನ್ನು ನಿಂತರೆ? ಇಂತಹ ವಿಮಾನವು ಒಂದು ಮೀಟರು ಇಳಿಯುವಷ್ಟರಲ್ಲಿ ಸುಮಾರು 9 ಮೀಟರು ಮುಂದಕ್ಕೆ ತೇಲಬಲ್ಲದು. ಅಂದರೆ ಒಟ್ಟು 13.5 ಕಿಲೋಮೀಟರು. ಆಮೇಲೆ ಯಾರದೋ ಹೊಲವೇ ಗತಿ.

ದೊಡ್ಡ ವಿಮಾನಗಳೂ ಈ ತಪ್ಪಿಗೆ ಹೊರತಲ್ಲ. 1983ರ ಜುಲೈ 23ರಂದು ಕೆನಡದಲ್ಲಿ, ಪೌಂಡು-ಕಿಲೋಗ್ರಾಂಗಳ ಗೊಂದಲದಿಂದ, ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ಹೊರಟ ಬೋಯಿಂಗ್ 767ರ ಟ್ಯಾಂಕುಗಳು ನಡುದಾರಿಯಲ್ಲಿಯೇ ಬರಿದಾದವು. ವಿಮಾನವು ತೇಲುತ್ತ ಗಿಮ್ಲಿ ಎಂಬಲ್ಲಿ ಇಳಿಯಿತು. ಒಳಗಿದ್ದ 69 ಜನರೂ ಬದುಕಿದರು. ಆ ಚಾಲಕರ ಕುಶಲತೆ ಎಲ್ಲರಿಗೂ ದೊರೆಯದು.

ಹಗಲಿನ ಸಾಮಾನ್ಯ ಹಾರಾಟಕ್ಕೆ 30 ನಿಮಿಷದ ಹೆಚ್ಚುವರಿ ಇಂಧನವಿರಲೇಬೇಕೆಂಬುದು ಅಮೆರಿಕದ ನಿಯಮ. ಅದನ್ನು ಕನಿಷ್ಠವೆಂದೇ ತಿಳಿಯಬೇಕು. ಮಾಪಕದ ಮುಳ್ಳನ್ನೇ ನಂಬದೆ ಟ್ಯಾಂಕಿಗೆ ಅಳತೆಕೋಲನ್ನು ಇಳಿಸಿ ನೋಡಬೇಕು. ಲೀಟರುಗಳನ್ನು ನಿಮಿಷಗಳಾಗಿ ಎಣಿಸಬೇಕು. ಉತ್ತರದ ಮುಂದೆ ಏಕಮಾನವನ್ನು ಬರೆಯಿರೆಂದು ತರಗತಿಯಲ್ಲಿ ನಾವು ಒತ್ತಾಯಿಸುವುದು ಅಂಕಗಳಿಗಾಗಿ ಮಾತ್ರವಲ್ಲ.