ಹದವರಿತ ದಿನಗಳು

ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ರೈತನಿಗೆ ಮಳೆಯ ನಕ್ಷತ್ರಗಳು ಬಾಯಿಪಾಠ. ಹೊಗೆಸೊಪ್ಪಿನ ಸಸಿಯನ್ನು ಯಾವ ಮಳೆಗೆ ನೆಡಬೇಕು, ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತದ ಒಟ್ಟಲು ಎಂದು ಬಿಡಬೇಕು, ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹತ್ತಿಯ ಬೀಜವನ್ನು ಯಾವಾಗ ಊರಬೇಕು ಎಂಬ ಲೆಕ್ಕ ಮನೆಮನೆಗೂ ತಿಳಿದದ್ದೇ. ಹದ ತಪ್ಪಿ ಬಿತ್ತಿದ ಬೀಜ ಮೊಳೆಯದಿದ್ದರೆ ಯಾರೂ ಹೊಲವನ್ನು ಶಪಿಸುವುದಿಲ್ಲ. ಆದರೆ ಅದೇ ಮನೆಯಲ್ಲಿ, ಮದುವೆಯಾಗಿ ಎರಡು ವರ್ಷ ಕಳೆದರೂ ಸೊಸೆಯ ಮಡಿಲು ತುಂಬದಿದ್ದರೆ, ಹದದ ಮಾತನ್ನು ಯಾರೂ ಎತ್ತುವುದಿಲ್ಲ. ‘ಬಂಜೆ’ ಎಂಬ ಮಾತು ಮಾತ್ರ ತಟ್ಟನೆ ನಾಲಗೆಗೆ ಬರುತ್ತದೆ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಗಂಡನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಹೆಂಡತಿ ಊರಿನಲ್ಲಿ ಅತ್ತೆ ಮಾವಂದಿರೊಡನೆ. ಸಂಬಳದ ದಿನ ಕಳೆದೊಡನೆ ಅವನು ಬಂದು ಎರಡು ದಿನವಿದ್ದು ಹೋಗುತ್ತಾನೆ. ಅವಳ ಋತುಚಕ್ರವೂ ಹೆಚ್ಚು ಕಡಿಮೆ ಮೂವತ್ತು ದಿನಗಳದು. ಅವನು ಬರುವುದು ಅವಳು ಮುಟ್ಟಾಗುವುದಕ್ಕೆ ನಾಲ್ಕೈದು ದಿನ ಮುಂಚೆ. ಹೀಗೆಯೇ ತಿಂಗಳ ಮೇಲೆ ತಿಂಗಳು ಉರುಳಿದರೆ ಮಗುವಾಗುವುದೆಂತು? ಇಲ್ಲಿ ದೋಷ ಅವಳದೂ ಅಲ್ಲ, ಅವನದೂ ಅಲ್ಲ, ಕ್ಯಾಲೆಂಡರಿನದು.

ನಮ್ಮ ಪೂರ್ವಿಕರು ಈ ಹದವನ್ನು ಅರಿಯದವರಲ್ಲ. ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದಾಗ ಗರ್ಭ ನಿಲ್ಲುವುದೆಂದು ಸುಶ್ರುತನು ಬೇಸಾಯದ ಮಾತಿನಲ್ಲಿಯೇ ಹೇಳಿದ್ದಾನೆ. ಋತುಕಾಲವನ್ನು ಅವನು ಹನ್ನೆರಡು ರಾತ್ರಿಗಳೆಂದೆಣಿಸಿದನು. ದಿನದ ಕೊನೆಗೆ ತಾವರೆ ಮುಚ್ಚಿಕೊಳ್ಳುವಂತೆ ಆ ಅವಧಿಯ ಬಳಿಕ ಗರ್ಭಾಶಯವೂ ಮುಚ್ಚಿಕೊಳ್ಳುವುದೆಂದನು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಅನೇಕ ವೈದ್ಯರಾದರೋ ಎರಡು ಮುಟ್ಟುಗಳ ನಡುವಣ ದಿನಗಳೇ ನಿರಪಾಯವೆಂದು ಬೋಧಿಸಿ, ನಂಬಿದವರನ್ನು ಪೇಚಿಗೆ ಸಿಲುಕಿಸಿದರು. ನಿಜಸ್ಥಿತಿ ತಿಳಿದುಬಂದದ್ದು ೧೯೨೦ರ ದಶಕದಲ್ಲಿ. ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಶೋಧಿಸಿ ಒಂದೇ ನಿರ್ಣಯಕ್ಕೆ ಬಂದರು: ಅಂಡವು ಹೊರಬರುವ ದಿನವನ್ನು ಹಿಂದಿನ ಮುಟ್ಟಿನಿಂದಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು, ಅದು ಸುಮಾರು ಎರಡು ವಾರ ಮೊದಲು ಬರುತ್ತದೆ.

ಈ ಲೆಕ್ಕವನ್ನು ಮನೆಮನೆಗೆ ಮುಟ್ಟಿಸುವ ಯತ್ನ ನಮ್ಮ ನಾಡಿನಲ್ಲಿಯೇ ನಡೆದದ್ದು ಅನೇಕರಿಗೆ ತಿಳಿಯದು. ೧೯೩೦ರಷ್ಟು ಹಿಂದೆಯೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿದ ಕೀರ್ತಿ ಮೈಸೂರು ಸಂಸ್ಥಾನದ್ದು. ಸ್ವಾತಂತ್ರ್ಯಾನಂತರ ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ; ಸಂಯಮವನ್ನು ಆಧರಿಸಿದ ಈ ಕ್ರಮವೇ ಅವರಿಗೆ ಒಪ್ಪಿಗೆಯಾದದ್ದು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ೧೯೫೨ರಲ್ಲಿ ದೆಹಲಿಯ ಲೋದಿ ಕಾಲೊನಿಯಲ್ಲಿಯೂ ರೇಷ್ಮೆಗೆ ಹೆಸರಾದ ನಮ್ಮ ರಾಮನಗರದಲ್ಲಿಯೂ ಪ್ರಯೋಗಗಳು ಆರಂಭವಾದವು. ಲೆಕ್ಕವಿಡಲು ಬಾರದ ಹೆಂಗಸರಿಗಾಗಿ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿಯನ್ನು ಸರಿಸಿದರೆ ಬಣ್ಣವೇ ದಿನದ ಗುಣವನ್ನು ಹೇಳುವುದು.

ಉಪಾಯವೇನೋ ಚೆನ್ನಾಗಿತ್ತು, ತೊಡಕುಗಳು ಬಳಿಕ ಕಂಡವು. ಇರುಳಿನಲ್ಲಿ ಬಣ್ಣ ಕಾಣದು. ಮಣಿಯನ್ನು ಅತ್ತ ಸರಿಸುವ ಬದಲು ಇತ್ತ ಸರಿಸಿದವರುಂಟು. ಸರವನ್ನೇ ತಾಯಿತವೆಂದು ನಂಬಿ, ಅದು ಮನೆಯಲ್ಲಿದ್ದರೆ ಸಾಕೆಂದುಕೊಂಡವರೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಚಕ್ರ ಏರುಪೇರಾದವರಿಗೆ ಯಾವ ಸರವೂ ಹೊಂದದು. ಗಂಡ ಒಪ್ಪದಿದ್ದರೆ ಹೆಂಡತಿ ಒಬ್ಬಳೇ ಮಣಿಯೆಣಿಸಿ ಫಲವೇನು? ಆ ಪ್ರಯೋಗ ಕೈಗೂಡಲಿಲ್ಲ. ಆದರೆ ಮಣಿಸರದ ಕಲ್ಪನೆ ಅಳಿಯಲಿಲ್ಲ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಂಥದೇ ಸರವೊಂದನ್ನು ಪರೀಕ್ಷಿಸಿ ೨೦೦೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಕ್ರವು ೨೬ರಿಂದ ೩೨ ದಿನಗಳೊಳಗೆ ಇರುವವರಿಗೆ ೮ನೆಯ ದಿನದಿಂದ ೧೯ನೆಯ ದಿನದವರೆಗೆ ಗರ್ಭ ನಿಲ್ಲುವ ಸಂಭವವೆಂಬುದು ಅದರ ಸಾರ.

ಈ ಲೆಕ್ಕದ ಮರ್ಮ ಸರಳವಾದದ್ದು. ಹೊರಬಂದ ಅಂಡವು ಒಂದು ಹಗಲು ಒಂದು ಇರುಳಿಗಿಂತ ಹೆಚ್ಚು ಕಾಲ ಬಾಳದು. ಪುರುಷಬೀಜವಾದರೋ ಐದು ದಿನಗಳವರೆಗೂ ಜೀವ ಹಿಡಿದು ಕಾಯಬಲ್ಲದು. ಆದುದರಿಂದ ಅಂಡ ಹೊರಬರುವ ದಿನ ಹಾಗೂ ಅದರ ಹಿಂದಿನ ಐದು ದಿನಗಳು, ಒಟ್ಟು ಆರೇ ದಿನ, ನಿಜವಾದ ಹದ. ಮುಟ್ಟಾದ ದಿನವನ್ನು ಒಂದೆಂದು ಎಣಿಸಿದರೆ, ೨೮ ದಿನಗಳ ಚಕ್ರದವಳಿಗೆ ಇದು ಸುಮಾರು ೯ರಿಂದ ೧೪ನೆಯ ದಿನ. ೩೫ ದಿನಗಳವಳಿಗೆ ೧೬ರಿಂದ ೨೧. ಸುಶ್ರುತನ ಹನ್ನೆರಡು ರಾತ್ರಿಗಳು ಇವಳಿಗೆ ಸಾಲವು. ದೇಹವೂ ಸೂಚನೆ ಕೊಡದಿರದು: ಆ ದಿನಗಳಲ್ಲಿ ಯೋನಿಸ್ರಾವವು ಮೊಟ್ಟೆಯ ಬಿಳಿಯ ಲೋಳೆಯಂತೆ ತಿಳಿಯಾಗಿ, ಜಾರುವಂತೆ, ಎಳೆಯಾಗಿ ಬರುತ್ತದೆ.

ಮಗು ಬೇಕೆನ್ನುವವರಿಗೆ ಈ ಅರಿವು ದೊಡ್ಡ ನೆರವು. ಒಂದು ವರ್ಷ ಕಾದರೂ ಫಲ ಕಾಣದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಲ್ಲಿ, ದಂಪತಿಗಳಿಬ್ಬರೂ ವೈದ್ಯರನ್ನು ಕಾಣುವುದು ಉಚಿತ. ಇಬ್ಬರೂ ಎಂಬುದನ್ನು ಒತ್ತಿ ಹೇಳಬೇಕು. ಕೊರತೆ ಗಂಡಸಿನಲ್ಲಿರುವುದೇನೂ ಅಪೂರ್ವವಲ್ಲ. ಮಗು ಸದ್ಯಕ್ಕೆ ಬೇಡವೆನ್ನುವವರು ಇದೊಂದನ್ನೇ ನೆಚ್ಚುವ ಮುನ್ನ ಯೋಚಿಸಬೇಕು. ಮಣಿಸರದ ಕ್ರಮವನ್ನು ವಾಡಿಕೆಯಂತೆ ಅನುಸರಿಸಿದ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಹನ್ನೆರಡು ಮಂದಿ ಗರ್ಭಿಣಿಯರಾಗುತ್ತಾರೆ. ಚಕ್ರ ಕ್ರಮವಾಗಿಲ್ಲದವರಿಗೂ ಎಳೆಗೂಸಿಗೆ ಹಾಲೂಡಿಸುತ್ತಿರುವವರಿಗೂ ಇದು ತಕ್ಕುದಲ್ಲ.

ಹಾಲಿನ ಲೆಕ್ಕ, ಚೀಟಿಯ ಕಂತು, ಅಡಿಗೆ ಅನಿಲದ ಸಿಲಿಂಡರು ಬಂದ ದಿನ, ಇವೆಲ್ಲಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಎಡೆಯುಂಟು. ತಿಂಗಳಿಗೊಂದು ಪುಟ್ಟ ಚುಕ್ಕಿಗೆ ಎಡೆಯಿಲ್ಲದೆ ಹೋದೀತೆ? ಆ ಚುಕ್ಕಿಯನ್ನು ಇಡುವ ಕೈ ಹೆಂಡತಿಯದಾದರೆ, ಅದನ್ನು ಓದಬಲ್ಲ ಕಣ್ಣು ಗಂಡನದೂ ಆಗಬೇಕು. ಹಾಗಾದಲ್ಲಿ ಹೊಲವನ್ನು ಶಪಿಸದ ಮನೆ, ಸೊಸೆಯನ್ನೂ ಶಪಿಸದೆ ಉಳಿದೀತು.